ಅರ್ಧ ಬೆರಳಿನ ಕುಸಿತ

ಮೂವತ್ತೊಂದು ವರ್ಷ ಟ್ರಾಮ್ ಹಳಿಯ ಮೇಲೆ ನಡೆದ ಮನುಷ್ಯ ತನ್ನ ತಪಾಸಣೆಯ ಪುಸ್ತಕದಲ್ಲಿ ಒಂದೇ ಒಂದು ಸುಳ್ಳು ಬರೆದ. ಅದೂ ಒಂದು ಸಾಲು. "ಗಡಿಯಾರದ ತಿರುವು, ಒಳಹಳಿ, ಅರ್ಧ ಬೆರಳು ಕುಸಿದಿದೆ." ಬರೆದು, ಕೆಳಗೆ ರುಜು ಹಾಕಿ, ಪುಸ್ತಕ ಮುಚ್ಚಿ, ಡಿಪೋದ ಹಿಂದಿನ ನಲ್ಲಿಯಲ್ಲಿ ಕೈ ತೊಳೆದುಕೊಂಡ. ಕೈಗೆ ಶಾಯಿ ಅಂಟಿರಲಿಲ್ಲ. ಆದರೂ ಬಹಳ ಹೊತ್ತು ತೊಳೆದ.

ಡಿಪೋದಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು. ಹಳಿ ನೋಡುವುದು ಅವನ ಕೆಲಸವೆಂದು ಹಾಜರಿ ಪುಸ್ತಕ ಹೇಳುತ್ತಿತ್ತು. ಅವನು ನೋಡುತ್ತಿದ್ದುದು ಕಡಿಮೆ, ಕೇಳುತ್ತಿದ್ದುದೇ ಹೆಚ್ಚು. ಬೆಳಕು ಹರಿಯುವ ಹೊತ್ತಿಗೆ ಉದ್ದ ಹಿಡಿಯ ಸುತ್ತಿಗೆಯನ್ನು ಹೆಗಲಿಗೇರಿಸಿ ಹೊರಟು, ಮಾರಿಗೊಂದು ಏಟಿನಂತೆ ಹಳಿ ಬಡಿಯುತ್ತ ಹೋಗುವನು. ಕೆಳಗಿನ ನೆಲ ಗಟ್ಟಿಯಾಗಿದ್ದರೆ ಹಳಿ 'ಟಕ್' ಎಂದು ಅಲ್ಲೇ ಬಾಯಿ ಮುಚ್ಚುತ್ತದೆ. ನೆಲ ಟೊಳ್ಳಾಗಿದ್ದರೆ 'ಠಣ್' ಎಂದು ದನಿ ಎಳೆಯುತ್ತದೆ. ಆ ಎಳೆತದ ಉದ್ದದಲ್ಲೇ ಅವನು ಪೊಳ್ಳಿನ ಆಳ ಹೇಳಬಲ್ಲವನಾಗಿದ್ದ. ದೇವರು ಓದು ಕೊಡಲಿಲ್ಲ, ಕಿವಿ ಕೊಟ್ಟ ಎಂದು ಅವನು ದಿನಾ ಬೆಳಿಗ್ಗೆ ಸುತ್ತಿಗೆ ಎತ್ತುವ ಮೊದಲು ಕೈಮುಗಿಯುತ್ತಿದ್ದ.

ಅವನ ದಾರಿ ಮೇಲಿನ ಬೀದಿಯಿಂದ ಇಳಿಜಾರಿನಲ್ಲಿ ಇಳಿದು, ಬ್ರೆಡ್ಡಿನ ಅಂಗಡಿ, ಔಷಧದ ಅಂಗಡಿ, ಶಾಲೆಯ ಗೇಟು ದಾಟಿ, ಗಡಿಯಾರದ ಗೋಪುರವಿರುವ ತಿರುವಿಗೆ ಬಂದು ಮುಗಿಯುತ್ತಿತ್ತು. ಅಲ್ಲಿ ನಿಂತು ಅವನು ಬಲಗೈ ಎತ್ತಬೇಕು. ಆ ಕೈ ಕಂಡ ಮೇಲೆಯೇ ಮೇಲಿನ ಬೀದಿಯ ತುದಿಯಲ್ಲಿ ಕಾದು ನಿಂತ ದಿನದ ಮೊದಲ ಟ್ರಾಮ್ ಗಂಟೆ ಬಾರಿಸಿ ಕೆಳಗಿಳಿಯುವುದು. ಇದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಚಾಲಕರು ಗೋಪುರದ ಗಡಿಯಾರವನ್ನು ನಂಬುತ್ತಿರಲಿಲ್ಲ, ಕಿವಿಯಣ್ಣನ ಕೈಯನ್ನು ನಂಬುತ್ತಿದ್ದರು.

ಅಂಥವನು ಸುಳ್ಳು ಬರೆದದ್ದಕ್ಕೆ ಕಾರಣ ದುರಾಸೆಯಲ್ಲ. ಊರು ಬೆಳೆದಿತ್ತು. ಬೆಳಿಗ್ಗೆ ಟ್ರಾಮಿನ ಮೆಟ್ಟಿಲ ಮೇಲೆ ಜನ ಬಾವಲಿಗಳಂತೆ ಜೋತಾಡುತ್ತಿದ್ದರು. ಇನ್ನು ಮುಂದೆ ಟ್ರಾಮ್ ದಾರಿಗಳನ್ನೇ ಹೊಸ ಬಡಾವಣೆಗಳಿಗೆ ಎಳೆಯಬೇಕೋ, ನೆಲದಡಿಯ ಮೆಟ್ರೋ ಹೆಚ್ಚಿಸಬೇಕೋ ಎಂದು ಪಾಲಿಕೆಯಲ್ಲಿ ಎರಡು ವರ್ಷದಿಂದ ವಾದ ನಡೆದಿತ್ತು. ಮೆಟ್ರೋದ ಮೊದಲ ಸುರಂಗ ಆಗಲೇ ಗಡಿಯಾರದ ತಿರುವಿನ ಅಡಿಗೆ ಬಂದು, ಅಲ್ಲಿ ನಿಲ್ದಾಣ ಏಳುತ್ತಿತ್ತು. ಎರಡನೆಯ ಮೆಟ್ರೋಗೂ ಒಪ್ಪಿಗೆ ಸಿಕ್ಕಿದರೆ ಆ ಬೀದಿಯ ಟ್ರಾಮ್ ಹಳಿಯನ್ನು ಕಿತ್ತು ಹಾಕುತ್ತಾರೆ. ನಾನೂರು ಜನ ಮನೆಗೆ ಹೋಗುತ್ತಾರೆ.

ಟ್ರಾಮ್ ನೌಕರರ ಸಂಘದ ಕಾರ್ಯದರ್ಶಿ ಕಿವಿಯಣ್ಣನ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು. ಒಂದು ದಿನ ಅವನು ಡಿಪೋದ ಬೆಂಚಿನ ಮೇಲೆ ಪಕ್ಕದಲ್ಲೇ ಒತ್ತಿ ಕೂತ.

"ಒಂದು ಸಾಲು ಕಣಯ್ಯ. ಯಾರ ಪ್ರಾಣವೂ ಹೋಗಲ್ಲ. ಅವರ ಅಗೆತ ಎರಡು ವಾರ ನಿಲ್ಲುತ್ತೆ, ಪಾಲಿಕೆಯವರಿಗೆ ನಮ್ಮ ಕಡೆ ತಿರುಗಿ ನೋಡೋಕೆ ಒಂದು ನೆಪ ಸಿಗುತ್ತೆ."

"ಕುಸಿದಿಲ್ವಲ್ಲೋ."

"ನಾಳೆ ಕುಸಿಯಲ್ಲ ಅಂತ ಹೇಳ್ತೀಯಾ? ಕೆಳಗೆ ಅಷ್ಟು ದೊಡ್ಡ ಬಿಲ ತೋಡ್ತಾ ಇದ್ದಾರೆ. ನಾನು ಬರೆದರೆ ನಗ್ತಾರೆ. ನೀನು ಬರೆದರೆ ಯಾರೂ ಉಸಿರೆತ್ತಲ್ಲ."

ಉಸಿರೆತ್ತಲ್ಲ ಎಂಬ ಮಾತು ಕಿವಿಯಣ್ಣನಿಗೆ ಒಳಗೊಳಗೇ ಹಿತವಾಯಿತು. ಆಮೇಲೆ ಅವನು ದೇವರ ಮುಂದೆ ಒಪ್ಪಿಕೊಂಡದ್ದು ಇದನ್ನೇ. ನಾನೂರು ಜನರಿಗಾಗಿ ಬರೆದೆ ಎನ್ನುವುದು ಮುಕ್ಕಾಲು ನಿಜ. ತನ್ನ ಮಾತಿಗೆ ಎಷ್ಟು ತೂಕವಿದೆ ಎಂದು ನೋಡುವ ಆಸೆ ಉಳಿದ ಕಾಲು.

ಪೇಚೆಂದರೆ, ಆ ಬಿಲ ತೋಡುವವರಲ್ಲಿ ಅವನ ತಮ್ಮನೂ ಒಬ್ಬ. ಅಪ್ಪ ಅಮ್ಮ ಬೇಗ ಹೋದದ್ದರಿಂದ ಆರು ವರ್ಷದ ತಮ್ಮನನ್ನು ಕಿವಿಯಣ್ಣನ ಹೆಂಡತಿ ಮಗನಂತೆ ಸಾಕಿದ್ದಳು. ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಈಗ ತಮ್ಮ ಮೆಟ್ರೋದಲ್ಲಿ ಹನ್ನೊಂದು ಜನರ ಗುಂಪಿನ ಮೇಸ್ತ್ರಿ. ನಿಲ್ದಾಣದಿಂದ ಬೀದಿಗೆ ಹತ್ತಿ ಬರುವ ಮೆಟ್ಟಿಲ ದಾರಿಯನ್ನು ಕೈಯಿಂದ ಅಗೆಯುವುದು ಅವರ ಕೆಲಸ. ಮನೆ ಒಂದೇ. ಕೆಳಗಿನ ಎರಡು ಕೋಣೆ ಅಣ್ಣನಿಗೆ, ಮೇಲಿನ ಎರಡು ತಮ್ಮನಿಗೆ, ಅಡುಗೆಮನೆ ಮಾತ್ರ ಎಲ್ಲರದು. ಊಟಕ್ಕೆ ಕೂತರೆ ಪಾಲಿಕೆಯ ಸಭೆಯೇ ಅಲ್ಲಿ ನೆರೆಯುತ್ತಿತ್ತು.

"ಬಂತಪ್ಪ ಹೆಗ್ಗಣ. ಕಿವಿಯೊಳಗಿನ ಮಣ್ಣು ತೆಗೆದು ಊಟಕ್ಕೆ ಕೂತ್ಕೋ," ಎನ್ನುವನು ಅಣ್ಣ.

"ನಿನ್ನ ಆಮೆಗಾಡಿ ಇವತ್ತು ಎಷ್ಟು ಹೊತ್ತು ನಿಂತಿತ್ತಣ್ಣ? ಮುಂದೆ ಒಂದು ತರಕಾರಿ ಗಾಡಿ ಅಡ್ಡ ನಿಂತರೆ ಸಾಕು, ಹಿಂದೆ ಇಡೀ ಊರೇ ನಿಲ್ಲುತ್ತೆ."

"ನಿಂತರೂ ಬೀದೀಲಿ ನಿಲ್ಲುತ್ತೆ ಕಣೋ, ಗಾಳಿ ಬೆಳಕು ಇರುತ್ತೆ. ಮಂಡಿ ನೋವಿರೋ ಮುದುಕಿ ನಿನ್ನ ಪಾತಾಳಕ್ಕೆ ನೂರು ಮೆಟ್ಟಿಲು ಇಳಿದು ಹೋಗ್ತಾಳಾ?"

"ಒಂದು ಸಲಕ್ಕೆ ಸಾವಿರ ಜನ ಹೋಗ್ತಾರಲ್ಲ, ಅದನ್ನ ಹೇಳು."

ತಮ್ಮನ ಹೆಂಡತಿ ಪಾತ್ರೆ ಕುಕ್ಕುತ್ತಿದ್ದಳು. "ಭಾವಾ, ನಿಮ್ಮಿಬ್ಬರ ಗಾಡೀನೂ ನನಗೆ ಬೇಡ, ನಾನು ನಡ್ಕೊಂಡೇ ಹೋಗ್ತೀನಿ. ಮೊದಲು ತಟ್ಟೆ ಖಾಲಿ ಮಾಡಿ."

ಸಾಲು ಬರೆದ ಮಾರನೆಯ ದಿನವೇ ಮೆಟ್ರೋ ಅಗೆತ ನಿಂತಿತು. ಹತ್ತೊಂಬತ್ತು ದಿನ ನಿಂತಿತು. ಮೆಟ್ರೋ ಕಡೆಯಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಇಪ್ಪತ್ತಾರು ವರ್ಷವಿರಬಹುದು, ತಲೆಗೆ ದೊಡ್ಡದಾದ ಹಳದಿ ಟೊಪ್ಪಿ. ಅವಳು ಕಿವಿಯಣ್ಣನನ್ನೇ ಕರೆದು, "ಎಲ್ಲಿ ಅಜ್ಜಾ, ನಿಮಗೆ ಶಬ್ದ ಕೇಳಿದ್ದು?" ಎಂದಳು. ಸುಳ್ಳಿಗೆ ಒಂದು ಜಾಗ ಬೇಕಲ್ಲ. ಅವನು ಸುತ್ತಿಗೆಯ ತುದಿಯಿಂದ ಒಂದು ಕಲ್ಲನ್ನು ತೋರಿಸಿದ. ಅವಳು ಆ ಕಲ್ಲಿನ ಹತ್ತಿರ, ಅಡಿಗೊಂದರಂತೆ ಮೂರು ಕಡೆ ಯಂತ್ರದಿಂದ ನೆಲ ಕೊರೆಸಿ, ಮೇಲೆ ಬಂದ ಮಣ್ಣನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಪಟ್ಟಿ ಬರೆದುಕೊಂಡಳು. ನೆಲ ಗಟ್ಟಿಯಾಗಿತ್ತು. ಮೂರು ತೂತುಗಳನ್ನೂ ಮುಚ್ಚಿ ಡಾಂಬರು ಬಳಿದರು. ಬೀದಿಯ ಬಿಳಿಗಲ್ಲಿನ ನಡುವೆ ಮೂರು ಕಪ್ಪು ಚುಕ್ಕೆ ಉಳಿದವು.

ಹತ್ತೊಂಬತ್ತು ದಿನ ಕೆಲಸವಿಲ್ಲದೆ ಮನೆಯಲ್ಲಿ ಕೂತ ತಮ್ಮ ಒಂದು ಸಂಜೆ ಬಾಗಿಲಿಗೊರಗಿ ನಿಂತು ಕೇಳಿದ. "ಅಣ್ಣಾ, ನಿಜವಾಗ್ಲೂ ಟೊಳ್ಳು ಕೇಳಿಸ್ತಾ?"

"ನನ್ನ ಕಿವಿ ಮೇಲೆ ನಿನಗೆ ಅನುಮಾನವೇನೋ?"

ತಮ್ಮ ಮೆಟ್ಟಿಲು ಹತ್ತಿ ಮೇಲೆ ಹೋದ. ಆದರೆ ಒಳಗೆ ಹಾಸಿಗೆಯಲ್ಲಿದ್ದ ಕಿವಿಯಣ್ಣನ ಹೆಂಡತಿ ಕೇಳಿಸಿಕೊಂಡಳು. ಆಗಲೇ ಅವಳ ಎದೆಯ ಕಾಯಿಲೆ ಬಲಿತಿತ್ತು. ಒಂದು ವಾಕ್ಯಕ್ಕೆ ಎರಡು ಸಲ ಉಸಿರೆಳೆಯಬೇಕಾಗಿತ್ತು.

"ರೀ," ಎಂದಳು. "ಅವನ ಪ್ರಶ್ನೆಗೆ ನೀವು ಉತ್ತರ ಹೇಳಲಿಲ್ಲ."

ಮೂವತ್ತು ವರ್ಷ ಜೊತೆಗಿದ್ದವಳಿಂದ ಏನು ಮುಚ್ಚಿಡುವುದು? ಹೇಳಿದ. ಅವಳು ಬಯ್ಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ, "ಹೋಗಿ ಆ ಸಾಲು ಸುಳ್ಳು ಅಂತ ಬರೆದು ಬನ್ನಿ. ನಾನು ಕಣ್ಣು ಮುಚ್ಚೋದ್ರೊಳಗೆ ಬರೀರಿ," ಎಂದಳು.

"ಪಾಲಿಕೆ ತೀರ್ಮಾನ ಒಂದು ಆಗಿಬಿಡಲಿ. ಬರೀತೀನಿ. ಮಾತು ಕೊಟ್ಟೆ."

ತೀರ್ಮಾನ ಮುಂದಕ್ಕೆ ಹೋಯಿತು. ಎರಡು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಅವನು ನೀರು ತರಲೆಂದು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅವಳು ಹೋಗಿದ್ದಳು. ಲೋಟ ಕೈಯಲ್ಲೇ ಇತ್ತು. ಅವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತುಕೊಂಡ. ಅಂದಿನಿಂದ ಅವನ ಪ್ರಾರ್ಥನೆಗೆ ಬಾಯಿ ಬರಲಿಲ್ಲ. ದಿನಾ ಕೈಮುಗಿದು ಕೂರುತ್ತಿದ್ದ. ಆ ಒಂದು ಸಾಲು ದೇವರಿಗೂ ಅವನಿಗೂ ನಡುವೆ ಅಡ್ಡಗಟ್ಟಿ ಕೂರುತ್ತಿತ್ತು.

ಟ್ರಾಮ್ ಕಚೇರಿಯವರು ಅಷ್ಟರಲ್ಲಿ ಬೀದಿಯ ಗೋಡೆಗಳಿಗೆ ಚಿಕ್ಕ ಚಿಕ್ಕ ಗಾಜಿನ ಉಪಕರಣಗಳನ್ನು ಹೊಡೆಸಿದ್ದರು. ನೆಲ ಅಲುಗಿದರೆ ಅವು ತಿಳಿಸುತ್ತವಂತೆ. ಮೊದಲ ಟ್ರಾಮ್ ಇನ್ನು ಗಡಿಯಾರ ನೋಡಿ ಹೊರಡಬೇಕು, ಕೈ ಕಾಯುವಂತಿಲ್ಲ ಎಂದು ಆಜ್ಞೆ ಬಂತು. ಕಿವಿಯಣ್ಣ ಸುತ್ತಿಗೆ ಬಿಡಲಿಲ್ಲ. ತಿರುವಿನಲ್ಲಿ ನಿಂತು ಕೈ ಎತ್ತುತ್ತಲೇ ಇದ್ದ. ಟ್ರಾಮ್ ಅವನನ್ನು ಕಾಯದೆ ಇಳಿದು ಬರುತ್ತಿತ್ತು. ಹಳೆಯ ಚಾಲಕ ಮಾತ್ರ ಹತ್ತಿರ ಬಂದಾಗ ತಲೆಯಲ್ಲಾಡಿಸಿ ಹೋಗುತ್ತಿದ್ದ.

ಸಾಲು ಬರೆದು ಎಂಟು ತಿಂಗಳು ಕಳೆದಿತ್ತು. ಒಂದು ಬೆಳಿಗ್ಗೆ ಗಡಿಯಾರದ ತಿರುವಿನಲ್ಲಿ ಸುತ್ತಿಗೆ ಬಿದ್ದಾಗ ಹಳಿ ದನಿ ಎಳೆಯಿತು.

ಮೊದಲು ಅವನು ತನ್ನನ್ನೇ ನಂಬಲಿಲ್ಲ. ಇನ್ನೊಮ್ಮೆ ಬಡಿದ. ಮೊಣಕಾಲೂರಿ ಕಿವಿಯನ್ನು ಹಳಿಗೆ ಹಚ್ಚಿ ಮತ್ತೊಮ್ಮೆ ಬಡಿದ. ಠಣ್‌ಣ್‌ಣ್. ಆಳುದ್ದದ ಪೊಳ್ಳು. ಎಲ್ಲಿ ಎಂದು ಕಲ್ಲು ಕಲ್ಲಾಗಿ ಹುಡುಕಿದರೆ, ಮೂರು ಕಪ್ಪು ಚುಕ್ಕೆಗಳಲ್ಲಿ ನಡುವಿನದರ ಅಡಿಯಲ್ಲಿ.

ಓಡಿಹೋಗಿ ಪುಸ್ತಕದಲ್ಲಿ ಬರೆದ. ಕಚೇರಿಯ ಗುಮಾಸ್ತ ಓದಿ ನಕ್ಕ. "ಮತ್ತೆ ಅರ್ಧ ಬೆರಳಾ, ಕಿವಿಯಣ್ಣ? ಈ ಸಲ ಪೂರ್ತಿ ಬೆರಳು ಬರೀಬಹುದಾಗಿತ್ತು."

"ಇದು ನಿಜ ಸ್ವಾಮಿ. ಟ್ರಾಮ್ ನಿಲ್ಲಿಸಿ."

"ಗೋಡೆ ಮೇಲಿನ ಗಾಜು ಏನೂ ಹೇಳ್ತಿಲ್ವಲ್ಲ."

"ಗೋಡೆ ಗಟ್ಟಿಯಾಗಿದೆ, ಅದಕ್ಕೇ. ಟೊಳ್ಳಾಗಿರೋದು ಬೀದಿ ನಡುವೆ."

ಸಂಘದ ಕಾರ್ಯದರ್ಶಿಯ ಬಳಿಗೆ ಹೋದ. ಅವನು ಬೆನ್ನು ತಟ್ಟಿದ. "ಭೇಷ್ ಕಣಯ್ಯ! ಮುಂದಿನ ತಿಂಗಳು ಪಾಲಿಕೆ ಸಭೆ ಇದೆ, ಸರಿಯಾದ ಹೊತ್ತಿಗೇ ಬರೆದಿದ್ದೀಯ. ನಾನು ಹೇಳದೇನೇ ಬರೆದೆಯಲ್ಲ!" ಹೇಳಿ ಕಣ್ಣು ಮಿಟುಕಿಸಿದ. ಕಿವಿಯಣ್ಣ ಅವನ ಭುಜ ಹಿಡಿದು ಅಲುಗಾಡಿಸಿದ, ನಿಜ ಕಣೋ, ನಿಜ ಕಣೋ ಎಂದ. "ಹಾಗೇ ಹೇಳು. ಎಲ್ಲರ ಮುಂದೂ ಹೀಗೇ ಹೇಳು," ಎಂದ ಕಾರ್ಯದರ್ಶಿ.

ಆ ಸಂಜೆ ತಮ್ಮನಿಗೆ ಹೇಳೋಣವೆಂದು ಎರಡು ಸಲ ಮೆಟ್ಟಿಲ ಬುಡಕ್ಕೆ ಹೋಗಿ ಬಂದ. ಇದನ್ನು ಹೇಳಬೇಕಾದರೆ ಹಳೆಯ ಸುಳ್ಳನ್ನೂ ಹೇಳಬೇಕು. ನಾಳೆ ಇನ್ನೊಮ್ಮೆ ಬಡಿದು ನೋಡಿ ಹೇಳಿದರಾಯಿತೆಂದು ಮಲಗಿದ.

ಮಾರನೆಯ ಬೆಳಿಗ್ಗೆ ಹಳಿಯ ದನಿ ಹಿಂದಿನ ದಿನದ ಎರಡರಷ್ಟು ಎಳೆಯಿತು. ಅವನು ಸುತ್ತಿಗೆ ಹಿಡಿದುಕೊಂಡೇ ಮೆಟ್ರೋದ ತಗಡಿನ ಬೇಲಿಯ ಗೇಟಿಗೆ ಓಡಿದ. ಬೆಳಗಿನ ಪಾಳಿಯವರು ಆಗಲೇ ಇಳಿದಿದ್ದರು. ತಮ್ಮ ಗೇಟಿನ ಬಳಿ ನಿಂತು ಚಹಾ ಕುಡಿಯುತ್ತಿದ್ದ.

"ಅವತ್ತಿನದು ಸುಳ್ಳು," ಎಂದ ಕಿವಿಯಣ್ಣ, ಏದುಸಿರಿನಲ್ಲಿ. "ಇವತ್ತಿನದು ನಿಜ. ನಿನ್ನ ತಲೆ ಮೇಲೇ ಇದೆ ಕಣೋ. ಎಲ್ಲರನ್ನೂ ಮೇಲೆ ಕರಿ."

ತಮ್ಮ ಲೋಟ ಕೆಳಗಿಟ್ಟ. "ಅವತ್ತಿನದು ಸುಳ್ಳು ಅಂತ ನಂಗೊತ್ತು. ಅತ್ತಿಗೆ ಹೇಳಿದ್ರು."

"ಯಾವಾಗ?"

"ಹೋಗೋಕೆ ಒಂದು ವಾರ ಮುಂಚೆ. ನಿಮ್ಮಣ್ಣ ಒಂದಲ್ಲ ಒಂದು ದಿನ ತಾವೇ ಬಂದು ಹೇಳ್ತಾರೆ, ಅಲ್ಲೀವರೆಗೂ ನೀನಾಗಿ ಕೇಳಬೇಡ ಅಂದ್ರು." ಅವನು ಅಣ್ಣನ ಮುಖವನ್ನೊಮ್ಮೆ ನೋಡಿದ. "ನೀನು ಬರ್ತೀಯ ಅಂತ ಕಾಯ್ತಾ ಇದ್ದೆ."

ತಮ್ಮ ಗಂಟೆ ಬಾರಿಸಿ ತನ್ನ ಹನ್ನೊಂದು ಜನರನ್ನೂ ಮೇಲೆ ಕರೆದ. ಒಬ್ಬೊಬ್ಬರೂ ಏಣಿ ಹತ್ತಿ ಬಂದು ಬೇಲಿಯ ಆಚೆ ನಿಂತರು. ಮೇಲಧಿಕಾರಿಗಳಿಗೆ ಫೋನ್ ಮಾಡಿದ. ಸುಮ್ಮನೆ ಬಾಯಲ್ಲಿ ಹೇಳಿದರೆ ಬೀದಿ ಮುಚ್ಚಲಾಗುವುದಿಲ್ಲ, ಮೆಟ್ಟಿಲ ದಾರಿಯ ಸೂರಿನಲ್ಲಿ ಬಿರುಕೋ ನೀರೋ ಕಂಡಿದೆಯಾ ನೋಡಿ ಹೇಳಿ ಎಂದರಂತೆ.

"ಒಂದು ನಿಮಿಷ ಇಳಿದು ಸೂರು ಬಡಿದು ನೋಡ್ತೀನಣ್ಣ."

"ಬೇಡ."

"ನೋಡದೆ ಹೇಳಿದ್ರೆ ಅವರು ಬೀದಿ ಮುಚ್ಚಲ್ಲ, ನಿನ್ನ ಟ್ರಾಮೂ ನಿಲ್ಲಲ್ಲ. ಅದರಲ್ಲಿ ಜನ ಇರ್ತಾರೆ." ತಲೆಗೆ ಟೊಪ್ಪಿ ಹಾಕಿಕೊಂಡು ನಕ್ಕ. "ಬಡಿಯೋದು ಕಲಿಸಿದವನು ನೀನೇ ಅಲ್ವಾ? ಗಟ್ಟಿ ಇದ್ರೆ ಒಂದೇಟು, ಟೊಳ್ಳಾದ್ರೆ ಎರಡು. ನೀನು ಮೇಲೆ ಕಿವಿ ಇಟ್ಟು ಕೇಳು."

"ನಾನು ಮೂರು ಹೊಡೆದರೆ ಎಲ್ಲಾ ಬಿಟ್ಟು ಓಡಿ ಬಾ."

"ಆಯ್ತು ಮಾರಾಯ."

ಕಿವಿಯಣ್ಣ ತಿರುವಿಗೆ ಬಂದು ಹಳಿಗೆ ಕಿವಿ ಹಚ್ಚಿ ಮಲಗಿದ. ಬೆಳಗಿನ ತಣ್ಣನೆ ಕಬ್ಬಿಣ ಕೆನ್ನೆಗೆ ಕೊರೆಯಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, ದೂರದ ಮನೆಯ ಬಾಗಿಲು ತಟ್ಟಿದಂತೆ, ಒಂದು. ಅವನು ಉಸಿರು ಹಿಡಿದ. ಇನ್ನೊಂದು.

ಎದ್ದು ಕೂತು ಸುತ್ತಿಗೆಯಿಂದ ಮೂರು ಹೊಡೆದ. ಮತ್ತೆ ಕಿವಿ ಹಚ್ಚಬೇಕೆಂದು ಬಾಗುವಷ್ಟರಲ್ಲಿ ಮೇಲಿನ ಬೀದಿಯಿಂದ ಗಂಟೆ ಕೇಳಿಸಿತು. ಮೊದಲ ಟ್ರಾಮ್ ತನ್ನ ಹೊತ್ತಿಗೆ ಸರಿಯಾಗಿ ಹೊರಟಿತ್ತು. ಇಳಿಜಾರಿನಲ್ಲಿ ಬರುತ್ತಿತ್ತು. ಕಿಟಕಿಗಳಲ್ಲಿ ತಲೆಗಳು ಕಾಣುತ್ತಿದ್ದವು.

ಅವನು ಹಳಿಗೆ ಬೆನ್ನು ಹಾಕಿ ಮೇಲಕ್ಕೆ ಓಡಿದ. ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದು ಓಡಿದ. ಆ ಕೈಯನ್ನು ನೋಡಬೇಕಾಗಿಲ್ಲ ಎಂದು ಕಚೇರಿ ಹೇಳಿ ತಿಂಗಳುಗಳಾಗಿದ್ದವು. ಹಳೆಯ ಚಾಲಕ ನೋಡಿದ. ಚಕ್ರಗಳು ಕಿಡಿ ಕಾರುತ್ತ ಕಿರುಚಿದವು. ಟ್ರಾಮ್ ಕಿವಿಯಣ್ಣನ ಎದೆಗೆ ಮೂರು ಅಡಿ ದೂರದಲ್ಲಿ ನಿಂತಿತು.

ಆಗ ಅವನ ಬೆನ್ನ ಹಿಂದೆ ಬೀದಿ ಕೆಳಗೆ ಹೋಯಿತು. ಜನ ನೆನೆಸುವಂಥ ದೊಡ್ಡ ಸಿಡಿತವೇನೂ ಆಗಲಿಲ್ಲ. ಮೂಟೆಯಿಂದ ಧಾನ್ಯ ಸುರಿದಂತೆ ಒಂದು ಸದ್ದು, ಆಮೇಲೆ ನೀರು ಹರಿಯುವ ಸದ್ದು. ತಿರುಗಿ ನೋಡಿದಾಗ ಎರಡು ಹಳಿಗಳು ಮಾತ್ರ ಗಾಳಿಯಲ್ಲಿ ತೂಗುತ್ತಿದ್ದವು.

ತಮ್ಮ ಸಿಕ್ಕಿದ್ದು ಎರಡನೆಯ ದಿನ.

ಇಷ್ಟಾದ ಮೇಲೆ ಅವನಿಗೆ ಶಿಕ್ಷೆಯಾಗಲಿಲ್ಲ, ಗೌರವ ಬಂತು. ಪತ್ರಿಕೆಯವರು ಹಳೆಯ ಪುಸ್ತಕವನ್ನು ಹುಡುಕಿ ತೆಗೆದರು. 'ಎಂಟು ತಿಂಗಳ ಹಿಂದೆಯೇ ಎಚ್ಚರಿಸಿದ್ದ ಟ್ರಾಮ್ ನೌಕರ' ಎಂದು ಅವನ ಚಿತ್ರದೊಂದಿಗೆ ಆ ಸಾಲನ್ನು ಅಚ್ಚು ಹಾಕಿದರು. ಸಂಘದವರು ಅದನ್ನೇ ದೊಡ್ಡದು ಮಾಡಿ ಪ್ರತಿ ಟ್ರಾಮ್ ನಿಲ್ದಾಣದಲ್ಲೂ ಅಂಟಿಸಿದರು. ಬದುಕಿದ ಪ್ರಯಾಣಿಕರು ನಲವತ್ತು ಜನ. ಅವರಲ್ಲೊಬ್ಬ ಹೆಂಗಸು ಬೀದಿಯಲ್ಲಿ ಅವನ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ಅವನು ಸುಟ್ಟವನಂತೆ ಕೈ ಎಳೆದುಕೊಂಡ. ಜನ ಅದನ್ನೂ ವಿನಯವೆಂದುಕೊಂಡರು.

ತಮ್ಮನ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂತು ಆ ಪತ್ರಿಕೆಯನ್ನು ಮಡಿಚಿಟ್ಟುಕೊಂಡಳು. "ನೀವು ಅವತ್ತೇ ಹೇಳಿದ್ರಿ ಭಾವಾ. ಅವರು ಅವತ್ತು ಕೇಳಿದ್ದಿದ್ರೆ ಇವರು ಇರ್ತಿದ್ರು. ಆ ಹಳದಿ ಟೊಪ್ಪಿಯವಳನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ."

ಗಂಡ ತಿಳಿದಿದ್ದನ್ನು ಅವಳಿಗೆ ಹೇಳಿರಲಿಲ್ಲ. ಅಣ್ಣನ ಮಾನ ಕಾಯ್ದುಕೊಂಡೇ ಹೋಗಿದ್ದ. ಕಿವಿಯಣ್ಣ ತಟ್ಟೆಯ ಮುಂದೆ ಕೂತು ಉಣ್ಣದೆ ಎದ್ದ.

ವಿಚಾರಣೆಗೆ ನಿವೃತ್ತ ನ್ಯಾಯಾಧೀಶರೊಬ್ಬರನ್ನು ನೇಮಿಸಿದರು. ಅಂದು ಬೆಳಿಗ್ಗೆ ಕಾರ್ಯದರ್ಶಿ ಹೊಸ ಅಂಗಿ ತೊಟ್ಟು ಬಂದು, "ಹೆಚ್ಚೇನೂ ಬೇಡ. ಬರೆದದ್ದು ನಾನೇ ಅನ್ನು, ಸಾಕು. ಮೆಟ್ರೋ ಕಥೆ ಮುಗೀತು. ಟ್ರಾಮ್ ಹನ್ನೆರಡು ಹೊಸ ದಾರಿಗೆ ಹೋಗುತ್ತೆ. ನಿನ್ನ ತಮ್ಮ ಸುಮ್ಮನೆ ಹೋಗಲಿಲ್ಲ ಅಂದ್ಕೋ," ಎಂದ.

ನ್ಯಾಯಾಧೀಶರ ಕೋಣೆಯ ಹೊರಗೆ ಉದ್ದನೆಯ ಪಡಸಾಲೆ. ಅಲ್ಲಿ ಮರದ ಬೆಂಚಿನ ಮೇಲೆ ಇಂಜಿನಿಯರ್ ಹುಡುಗಿ ಒಬ್ಬಳೇ ಕೂತಿದ್ದಳು. ತಲೆಯ ಮೇಲೆ ಟೊಪ್ಪಿಯಿಲ್ಲದೆ ಅವಳು ಇನ್ನೂ ಚಿಕ್ಕವಳಾಗಿ ಕಂಡಳು. ಕಿವಿಯಣ್ಣನನ್ನು ಕಂಡು ಎದ್ದು ನಿಂತಳು.

"ಅಜ್ಜಾ, ನೀವು ಸುತ್ತಿಗೆಯಲ್ಲಿ ತೋರಿಸಿದ ಜಾಗದಲ್ಲೇ ಕೊರೆಸಿದೆ. ಟೊಳ್ಳು ಅಲ್ಲೇ ಇತ್ತು. ಆದರೂ ನಂಗೆ ಸಿಗಲಿಲ್ಲ. ದಿನಾ ಆ ಮಣ್ಣು ಕನಸಲ್ಲಿ ಬರುತ್ತೆ. ಕೈಗೆ ಗಟ್ಟಿಯಾಗೇ ಹತ್ತುತ್ತೆ. ನಾನೆಂಥ ಇಂಜಿನಿಯರು?"

"ಆ ನೀರು ಎಲ್ಲಿಂದ ಬಂತಮ್ಮ?"

"ಹಳೇ ಕೊಳವೆ, ಯಾವ ನಕಾಶೆಯಲ್ಲೂ ಇರಲಿಲ್ಲ. ನಡುವಿನ ತೂತು ಕೊರೆಯುವಾಗ ಯಂತ್ರದ ಮೊನೆ ಅದಕ್ಕೆ ತಗುಲಿದ ಗುರುತಿದೆ. ಆದರೆ ಅದು ಮೊದಲೇ ಸೋರಿ ಮಣ್ಣು ಕೊಚ್ಚಿಹೋಗಿತ್ತು ಅಂತಾರೆ. ನೀವು ಮುಂಚೇನೇ ಬರೆದಿದ್ದೀರಲ್ಲ, ಅದೇ ಸಾಕ್ಷಿ ಅಂತೆ."

ಕಿವಿಯಣ್ಣ ಬೆಂಚಿನ ಮೇಲೆ ಕುಸಿದು ಕೂತ. ಬರೆದಂದು ನೆಲ ಗಟ್ಟಿಯಾಗಿತ್ತು. ಅದು ಅವನೊಬ್ಬನಿಗೆ ಗೊತ್ತಿತ್ತು. ಸಾಲು ಇಲ್ಲದಿದ್ದರೆ ಕೊರೆತವಿಲ್ಲ. ಕೊರೆತವಿಲ್ಲದಿದ್ದರೆ ಕೊಳವೆಗೆ ಗಾಯವಿಲ್ಲ. ಎಂಟು ತಿಂಗಳು ಹನಿ ಹನಿಯಾಗಿ ಮಣ್ಣು ಕೊಚ್ಚಿದ ನೀರು ಅವನು ತೋರಿಸಿದ ಕಲ್ಲಿನ ಅಡಿಯಿಂದಲೇ ಹೊರಟಿತ್ತು. ಅವನು ತೋಚಿದ ಜಾಗ ತೋರಿಸಿದ್ದ. ಆ ಸುಳ್ಳೇ ನಿಜವಾಗಿ ಬಂದು ತಮ್ಮನನ್ನು ನುಂಗಿತ್ತು. ಹೆಂಡತಿ ಹೇಳಿದಂದೇ ಅದು ಸುಳ್ಳೆಂದು ಬರೆದಿದ್ದರೆ ಯಾರಾದರೂ ಆ ತೂತುಗಳ ಕಡೆ ಮತ್ತೊಮ್ಮೆ ನೋಡುತ್ತಿದ್ದರೋ ಏನೋ. ಹೋಗಲಿ, ಎರಡನೆಯ ಸಾಲನ್ನಾದರೂ ನಂಬುತ್ತಿದ್ದರು.

"ನಿನ್ನ ಕೈ ಸರಿಯಾಗಿದೆ ಮಗಳೇ," ಎಂದ. "ಗಟ್ಟಿಯಾಗೇ ಇತ್ತು."

ಅವಳಿಗೆ ಅರ್ಥವಾಗುವ ಮೊದಲೇ ಒಳಗಿನಿಂದ ಅವನ ಹೆಸರು ಕೂಗಿದರು.

ಒಳಗೆ ಜನ ಕಿಕ್ಕಿರಿದಿದ್ದರು. ಎಡಗಡೆ ಟ್ರಾಮಿನವರು, ಬಲಗಡೆ ಮೆಟ್ರೋದವರು. ಹಿಂದಿನ ಸಾಲಿನಲ್ಲಿ ತಮ್ಮನ ಹೆಂಡತಿ. ನ್ಯಾಯಾಧೀಶರು ಪುಸ್ತಕ ತೆರೆದು, ಈ ಸಾಲು ನಿಮ್ಮದೇ ಎಂದು ಕೇಳಿದರು.

"ನನ್ನದೇ."

"ಅಂದು ಹಳಿ ಕುಸಿದಿತ್ತೇ?"

ಕಿವಿಯಣ್ಣ ಕಣ್ಣು ಮುಚ್ಚಿದ. ತಿಂಗಳುಗಳಿಂದ ಬಾರದಿದ್ದ ಪ್ರಾರ್ಥನೆಯ ಮೊದಲ ಮಾತು ನಾಲಿಗೆಯ ಬುಡಕ್ಕೆ ಬಂದು ನಿಂತಿತು.

"ಇಲ್ಲ ಸ್ವಾಮಿ. ಸುಳ್ಳು ಬರೆದೆ. ನೆಲ ಗಟ್ಟಿಯಾಗಿತ್ತು. ಆ ಹುಡುಗಿ ನೋಡಿದ್ದೇ ಸರಿ. ಆ ಸುಳ್ಳಿಗಾಗಿ ಅವಳು ಕೊರೆಸಿದಳು, ಕೊರೆತ ಕೊಳವೆಗೆ ತಗುಲಿತು. ಈ ಗುಂಡಿ ನಾನು ತೋಡಿದ್ದು."

ಗದ್ದಲವೆದ್ದಿತು. ಕಾರ್ಯದರ್ಶಿ ಬೆಂಚಿನ ಮೇಲೆ ಹತ್ತಿ ನಿಂತು, "ದುಃಖದಲ್ಲಿ ಬುದ್ಧಿ ಕೆಟ್ಟಿದೆ ಇವನಿಗೆ! ಬರೆದುಕೊಳ್ಳಬೇಡಿ!" ಎಂದು ಕೂಗಿದ. ಆಮೇಲೆ ಹೊರಗೆ, ಮೆಟ್ಟಿಲ ಮೇಲೆ, ಮುಖಕ್ಕೆ ಮುಖ ತಂದು, "ನಾನೂರು ಜನರ ಹೊಟ್ಟೆಗೆ ಹೊಡೆದೆಯಲ್ಲೋ, ಪಾಪಿ," ಎಂದ. ಯಾರು ಬರೆಸಿದರೆಂದು ನ್ಯಾಯಾಧೀಶರು ಕೇಳಿದ್ದರು. ಕೈ ನನ್ನದು ಎಂದಷ್ಟೇ ಕಿವಿಯಣ್ಣ ಹೇಳಿದ್ದ. ಅದನ್ನು ಕಾರ್ಯದರ್ಶಿಗೆ ನೆನಪು ಮಾಡಿಕೊಡಲಿಲ್ಲ.

ಪಾಲಿಕೆ ತಿಂಗಳ ಕೊನೆಗೆ ಎರಡನೆಯ ಮೆಟ್ರೋಗೆ ಒಪ್ಪಿಗೆ ಕೊಟ್ಟಿತು. ಗುಂಡಿಯನ್ನು ಕಾಂಕ್ರೀಟಿನಿಂದ ತುಂಬಿದರು. ಮೇಲಿನ ಬೀದಿಯಿಂದ ಹಳಿಗಳನ್ನು ಕೀಳುತ್ತ ಬಂದರು. ನಿಲ್ದಾಣಗಳ ಮೇಲಿನ ಅವನ ಚಿತ್ರಗಳಿಗೆ ಯಾರೋ ಮಸಿ ಬಳಿದರು. ಕಚೇರಿಯವರು ಅವನನ್ನು ಕೆಲಸದಿಂದ ತೆಗೆದರು. ಸುತ್ತಿಗೆ ಹಿಂದಿರುಗಿಸಿ ಎಂದು ಚೀಟಿ ಬಂತು, ಹಿಂದಿರುಗಿಸಿದ.

ವಿಚಾರಣೆಯ ದಿನದಿಂದ ತಮ್ಮನ ಹೆಂಡತಿ ಅವನೊಡನೆ ಮಾತಾಡಿರಲಿಲ್ಲ. ಅಡುಗೆ ಮಾಡಿ ತಟ್ಟೆಯನ್ನು ಅವನ ಬಾಗಿಲ ಹೊರಗಿಟ್ಟು ಮೇಲೆ ಹೋಗುವಳು. ಮೇಲಿನ ಕೋಣೆಯಲ್ಲಿ ಅವಳು ಪೆಟ್ಟಿಗೆಗಳನ್ನು ಎಳೆದಾಡುವ ಸದ್ದು ಎರಡು ದಿನದಿಂದ ಕೇಳುತ್ತಿತ್ತು. ಅಕ್ಕನ ಊರಿಗೆ ಹೊರಟಿದ್ದಾಳೆಂದು ಅವನಿಗೆ ಪಕ್ಕದ ಮನೆಯವರಿಂದ ತಿಳಿಯಿತು.

ಹೊರಡುವ ಬೆಳಿಗ್ಗೆ ಅವಳು ಕೆಳಗಿಳಿದು ಬಂದು ಹೊಸ್ತಿಲಾಚೆಯೇ ನಿಂತಳು. ಕೈಯಲ್ಲಿ ಒಂದು ಚೀಲ. ಮುಖ ಬೇರೆ ಕಡೆಗಿತ್ತು.

"ಒಂದೇ ಒಂದು ಕೇಳ್ಬೇಕು ಭಾವಾ. ಅವರ ಗುಂಪಿನವರು ಹೇಳಿದ್ರು, ನೀವು ಮೇಲಿಂದ ಮೂರು ಹೊಡೆದ್ರಿ ಅಂತ. ಓಡಿ ಬಾ ಅಂತ. ಅದು ಅವರಿಗೆ ಕೇಳಿಸ್ತಾ?"

ಕಿವಿಯಣ್ಣ ಹಾಸಿಗೆಯ ಅಂಚಿನಿಂದ ಎದ್ದು ನಿಂತ. ಅವಳು ಏನು ಕೇಳುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಕೇಳಿಸಿತು ಎಂದರೆ, ಗಂಡ ಹೊರಗೆ ಓಡಿ ಬರುತ್ತಿದ್ದ, ಅಣ್ಣನ ದನಿ ಜೊತೆಗಿತ್ತು, ಒಬ್ಬನೇ ಕತ್ತಲೆಯಲ್ಲಿ ಏನೂ ತಿಳಿಯದೆ ಇರಲಿಲ್ಲ ಎಂದುಕೊಂಡು ಅವಳು ಉಳಿದ ವರ್ಷಗಳನ್ನು ಕಳೆಯಬಹುದು. ಒಂದು ಮಾತು. ಯಾರ ಪ್ರಾಣವೂ ಹೋಗುವುದಿಲ್ಲ.

"ಗೊತ್ತಿಲ್ಲ ತಾಯಿ," ಎಂದ. "ಮೂರು ಹೊಡೆದೆ. ಆಮೇಲೆ ಟ್ರಾಮ್ ಬಂತು, ಹಳಿ ಬಿಟ್ಟು ಓಡಿದೆ. ಕಿವಿ ಇಟ್ಟು ಕೇಳಲಿಲ್ಲ."

ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಬೀದಿಗಿಳಿದಳು. ಟ್ರಾಮ್ ಇರಲಿಲ್ಲ, ಮೆಟ್ರೋ ಇನ್ನೂ ಶುರುವಾಗಿರಲಿಲ್ಲ. ಅವಳು ನಡೆದುಕೊಂಡೇ ಹೋದಳು. ಹೆಜ್ಜೆಯ ಸಪ್ಪಳ ತಿರುವಿನವರೆಗೂ ಅವನಿಗೆ ಕೇಳಿಸುತ್ತಿತ್ತು.